ಕಪ್ಪಗಿದೆ, ಕೆಂಪಗಿಲ್ಲ

ನನ್ನ ಓರಗಿತ್ತಿಗೆ ಗಂಟಲು ನೋವು ಬಂದರೆ ಇಡೀ ಮನೆಗೇ ಗಂಟಲು ನೋವು ಬಂದ ಹಾಗಿರುತ್ತಿತ್ತು. ಟೀವಿಯ ಸದ್ದು ತಗ್ಗುತ್ತಿತ್ತು. ಸಾರಿನಲ್ಲಿ ಹುಳಿ ಕಡಿಮೆಯಾಗುತ್ತಿತ್ತು. ಫ್ರಿಜ್ಜಿನಲ್ಲಿದ್ದ ನೀರಿನ ಬಾಟಲಿಗಳೆಲ್ಲ ಹೊರಗೆ ಬಂದು ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದವು, ಏಪ್ರಿಲ್ ತಿಂಗಳಾದರೂ ಸರಿ. ಅತ್ತೆ ಉಪ್ಪುನೀರು ಕಾಯಿಸಿ, ಬೆರಳು ಅದ್ದಿ ಬಿಸಿ ನೋಡಿ, ಲೋಟವನ್ನು ಅವಳ ಕೈಗೇ ಕೊಡುತ್ತಿದ್ದರು. ಅದೇ ಮನೆಯಲ್ಲಿ ನನಗೆ ಜ್ವರ ಬಂದು ಮೂರು ದಿನ ಮಲಗಿದ್ದಾಗ ಅವರು ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಕಾಲೇಜಿಗೆ ಫೋನ್ ಮಾಡಿ ಹೇಳ್ಬಿಟ್ಯೇನಮ್ಮಾ?"

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಅದಕ್ಕೆ ಬೇರೆ ಹೆಸರು ಕೊಡುವ ಪ್ರಯತ್ನವನ್ನು ನಾನು ಬಹಳ ದಿನ ಮಾಡಿದೆ. ದಣಿವು ಎಂದೆ, ಅನ್ಯಾಯ ಎಂದೆ, ಮನೆಗೆಲಸದ ಹಂಚಿಕೆ ಸರಿಯಿಲ್ಲ ಎಂದೆ. ಆ ಮಧ್ಯಾಹ್ನ ನಡೆದದ್ದನ್ನು ಮತ್ತೆ ಮತ್ತೆ ನೆನೆಯುವಾಗ ಆ ಹೆಸರುಗಳೆಲ್ಲ ಕಳಚಿ ಬೀಳುತ್ತವೆ, ಹೊಟ್ಟೆಕಿಚ್ಚೊಂದೇ ಉಳಿಯುತ್ತದೆ.

ನಾವಿರುವುದು ಶಿಡ್ಲಘಟ್ಟದಲ್ಲಿ. ನನ್ನ ಯಜಮಾನರು ಹಿರಿಯ ಮಗ, ಚಿಂತಾಮಣಿ ಕಡೆ ಪ್ರೌಢಶಾಲೆಯಲ್ಲಿ ಮೇಷ್ಟ್ರು. ಮೈದುನ ಚಿಕ್ಕಬಳ್ಳಾಪುರದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾನೆ. ನಾನು ಗೌರಿಬಿದನೂರಿನವಳು, ಅಪ್ಪ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ನಮ್ಮ ಮನೆಯಲ್ಲಿ ಮಾತೆಲ್ಲ ಕನ್ನಡ. ಎಂ.ಎ. ಮುಗಿಸಿ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಕೆಂಚಾರ್ಲಹಳ್ಳಿಯವಳು. ಅವರದು ರೇಷ್ಮೆ ಹುಳು ಸಾಕುವ ಮನೆ, ಮನೆಮಾತು ತೆಲುಗು. ಅತ್ತೆಯ ತವರಿನ ಮಾತೂ ತೆಲುಗು. ಅವಳು ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಅಡುಗೆಮನೆಯ ಭಾಷೆ ಬದಲಾಯಿತು. ನಾನು ಒಳಗೆ ಕಾಲಿಟ್ಟರೆ ಇಬ್ಬರೂ ಕನ್ನಡಕ್ಕೆ ತಿರುಗುತ್ತಿದ್ದರು, ನೆಂಟರು ಬಂದಾಗ ಚಾಪೆ ಹಾಸುವ ಹಾಗೆ. ನನಗೆ ತೆಲುಗು ಬರುವುದೇ ಇಲ್ಲ ಎಂದಲ್ಲ. ಈ ಸೀಮೆಯಲ್ಲಿ ಅರ್ಧ ತೆಲುಗು ಬಾರದವರು ಯಾರಿದ್ದಾರೆ? ಆದರೆ ಆ ಅರ್ಧವೇ ಅಪಾಯ ಎಂದು ಆಗ ಗೊತ್ತಿರಲಿಲ್ಲ.

ಅವಳನ್ನು ಅತ್ತೆ ಕರೆಯುತ್ತಿದ್ದದ್ದು "ಬಂಗಾರು" ಎಂದು. ನನ್ನನ್ನು "ನೋಡಮ್ಮಾ" ಎಂದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಅವಳು ಬೆಳ್ಳಗಿದ್ದಾಳೆ. ನಮ್ಮ ಕಡೆ ಬೆಳ್ಳಗಿರುವವರನ್ನು "ಕೆಂಪಗಿದ್ದಾಳೆ" ಎನ್ನುತ್ತಾರೆ. ನಾನು ಕಪ್ಪು. ನನ್ನನ್ನು ನೋಡಲು ಬಂದ ದಿನ ಅತ್ತೆಯ ಕಡೆಯ ಹೆಂಗಸೊಬ್ಬರು ಕಾಫಿ ಲೋಟ ಕೆಳಗಿಡುತ್ತಾ, "ಹುಡುಗಿ ಒಂಚೂರು ಕಪ್ಪು. ಆದ್ರೆ ಓದಿದಾಳೆ" ಎಂದಿದ್ದರು. ಆ "ಆದ್ರೆ" ಎಂಬ ಪದ ಎಂಟು ವರ್ಷದಿಂದ ನನ್ನೊಳಗೆ ಬಾಡಿಗೆ ಕೊಡದೆ ವಾಸವಾಗಿದೆ.

ಓರಗಿತ್ತಿಗೆ ವರ್ಷದಲ್ಲಿ ಆರೇಳು ಸಲ ಗಂಟಲು ಊದಿ ಜ್ವರ ಬರುತ್ತಿತ್ತು. ಕೊನೆಗೆ ಚಿಕ್ಕಬಳ್ಳಾಪುರದ ಡಾಕ್ಟರು ಟಾನ್ಸಿಲ್ ತೆಗೆದುಬಿಡೋಣ ಎಂದರು. ಮಕ್ಕಳಿಗಾದರೆ ಬೇಗ ವಾಸಿಯಾಗುತ್ತದೆ, ದೊಡ್ಡವರಿಗೆ ನೋವು ಜಾಸ್ತಿ, ಹತ್ತು ಹದಿನೈದು ದಿನ ಬೇಕು ಎಂದರು. ಆಪರೇಷನ್ ಸಲೀಸಾಗಿ ಆಯಿತು. ಮಾರನೆಯ ದಿನ ಮನೆಗೆ ಕಳಿಸುವಾಗ ಮೈದುನ ಬಿಲ್ಲಿನ ಕಿಟಕಿಯ ಹತ್ತಿರ ನಿಂತಿದ್ದ. ಆದ್ದರಿಂದ ಡಾಕ್ಟರು, ಸಣ್ಣ ದನಿಯ ಹೆಂಗಸು, ಎಲ್ಲವನ್ನೂ ನನಗೆ ಹೇಳಿದರು.

"ಒಂದು ವಾರದ ಹೊತ್ತಿಗೆ ಗಂಟಲಲ್ಲಿರೋ ಬಿಳಿ ಪೊರೆ ಉದುರುತ್ತೆ. ಆವಾಗ ಅಪರೂಪಕ್ಕೆ ಕೆಲವರಿಗೆ ರಕ್ತ ಬರುತ್ತೆ. ಅದಕ್ಕೇ ಕೆಂಪು ಬಣ್ಣದ್ದು ಏನೂ ಕೊಡ್ಬೇಡಿ. ದಾಳಿಂಬೆ, ಬೀಟ್‌ರೂಟು, ಕೆಂಪು ಶರಬತ್ತು ಯಾವ್ದೂ ಬೇಡ. ಆಮೇಲೆ ಬಾಯಲ್ಲಿ ಬಂದಿದ್ದು ರಕ್ತನೋ ಜ್ಯೂಸೋ ಗೊತ್ತಾಗಲ್ಲ. ಇನ್ನೊಂದು, ಮಲಗಿರೋವಾಗ ಸುಮ್ಮಸುಮ್ಮನೆ ನುಂಗ್ತಾ ಇದ್ರೆ ಎಬ್ಬಿಸಿ ಬಾಯಿ ತೆಗೆಸಿ ನೋಡಿ. ನುಂಗ್ತಾನೇ ಇದ್ರೆ ರಕ್ತ ಹೊರಗೆ ಕಾಣಲ್ಲ."

ಆಮೇಲೆ ಅವರು ಚೀಟಿಯನ್ನು ನನ್ನ ಕೈಗೆ ಕೊಟ್ಟು, "ನೀವು ಓದಿದೋರು, ನಿಮಗೆ ಅರ್ಥ ಆಗುತ್ತೆ" ಎಂದರು. ನನಗೆ ಅದು ಹಿತವಾಯಿತು. ಎರಡು ದಿನದಲ್ಲಿ ಮೊದಲ ಬಾರಿಗೆ ಯಾರೋ ನನ್ನ ಮುಖ ನೋಡಿ ಮಾತಾಡಿದ್ದರು.

ಹೊರಗೆ ಬಂದು ಅತ್ತೆಗೆ ಫೋನ್ ಮಾಡಿದೆ. "ಕೆಂಪು ಬಣ್ಣದ್ದು ಏನೂ ಬೇಡವಂತೆ ಅತ್ತೆ."

"ಯಾಕಂತೆ?"

"ಡಾಕ್ಟ್ರು ಹೇಳಿದಾರೆ ಅಷ್ಟೆ."

ಆ "ಅಷ್ಟೆ"ಯನ್ನು ನಾನು ಬೇಕೆಂದೇ ಹೇಳಿದೆ. ಅವರಿಬ್ಬರ ನಡುವೆ ನನಗೆ ತಿಳಿಯದ ನೂರು ಮಾತಿರುವಾಗ ನನ್ನ ಹತ್ತಿರ ಅವರಿಗೆ ತಿಳಿಯದ ಒಂದು ಮಾತು ಇರಲಿ ಎನಿಸಿತು.

ಕಾರು ಮನೆಯ ಮುಂದೆ ನಿಂತಾಗ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದರು. ಆಸ್ಪತ್ರೆಯಿಂದ ಬಂದವರಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪಾಗಿಸಿ ನಿವಾಳಿಸುವುದು ನಮ್ಮ ಪದ್ಧತಿ. ಆ ದಿನ ತಟ್ಟೆಯಲ್ಲಿದ್ದ ನೀರು ಹಳದಿಯಾಗಿಯೇ ಇತ್ತು. ಅತ್ತೆ ಸುಣ್ಣ ಹಾಕಿರಲಿಲ್ಲ. ಒಳಗೆ ಹೋದರೆ ಅವಳ ಹಾಸಿಗೆಯ ಕೆಂಪು ಹೊದಿಕೆ ಹೋಗಿ ನನ್ನ ನೀಲಿ ಹೊದಿಕೆ ಬಂದಿತ್ತು. ಕಿಟಕಿಗೆ ಕಟ್ಟಿದ್ದ ಕೆಂಪು ಪರದೆಯೂ ಇರಲಿಲ್ಲ.

ಮೈದುನ ನಕ್ಕ. "ಅಮ್ಮ, ನನ್ನ ಗಾಡಿನೂ ಕೆಂಪು. ಮಾರ್ಬಿಡ್ಲಾ?"

"ನಗ್ಬೇಡ ಕಣೋ. ಕೆಂಪು ಅಂದ್ರೆ ಉಷ್ಣ. ಗಾಯಕ್ಕೆ ಆಗಲ್ಲ. ಡಾಕ್ಟ್ರು ಸುಮ್ನೆ ಹೇಳ್ತಾರಾ?"

ಓರಗಿತ್ತಿ ಮಾತಾಡಲಾಗದೆ ಕಣ್ಣಲ್ಲೇ ನಕ್ಕಳು. ನಾನೂ ನಕ್ಕೆ. ಆಗ ನಾನು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಉಷ್ಣಕ್ಕಲ್ಲ ಅತ್ತೆ, ರಕ್ತ ಬಂದರೆ ತಿಳಿಯಲಿ ಅಂತ. ಹೇಳಲಿಲ್ಲ. ಅವರ ತಪ್ಪು ತಿಳಿವಳಿಕೆ ನನಗೆ ರುಚಿಸಿತು. ನನ್ನ ನೀಲಿ ಹೊದಿಕೆ ಕೊಟ್ಟಿದ್ದಕ್ಕೆ ಇದಾದರೂ ನನ್ನದಾಗಿರಲಿ ಎಂದುಕೊಂಡೆ.

ಆಮೇಲಿನ ದಿನಗಳಲ್ಲಿ ಮನೆ ಅವಳ ಸುತ್ತಲೇ ಸುತ್ತಿತು. ಬಾಯಿ ಬಿಡಲು ನೋವಾದ್ದರಿಂದ ಬೇಕಾದ್ದನ್ನು ಕೇಳಲು ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದಳು. ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಅತ್ತೆ. ಮೂರು ಸಲ ಎಂಬುದು ನನಗೆ ಎಂದು ಯಾರೂ ಗೊತ್ತುಮಾಡಿರಲಿಲ್ಲ, ಆದರೂ ಮೂರಾದರೆ ನಾನೇ ಏಳುತ್ತಿದ್ದೆ. ಇಲ್ಲವೇ ಮಗ್ಗುಲ ಕೋಣೆಯಿಂದಲೇ ನನ್ನ ಫೋನಿಗೆ ಸಂದೇಶ ಬರುತ್ತಿತ್ತು: "ಅಕ್ಕ ಗಂಜಿ ಸ್ವಲ್ಪ ತಣ್ಣಗೆ." ಕೊನೆಯಲ್ಲಿ ಕೈಮುಗಿದ ಚಿತ್ರ. ನೋವು ಗಂಟಲಿಂದ ಕಿವಿಗೆ ಹರಿಯುತ್ತಿತ್ತು. ಕಿವಿ ಹಿಡಿದುಕೊಂಡು ಅವಳು ಅಳುತ್ತಿದ್ದದ್ದು ನಾಟಕವಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ರಾಗಿ ಅಂಬಲಿ ಕಲಸುತ್ತಾ, ತೆಳು ಬಟ್ಟೆಯಲ್ಲಿ ಸೋಸುತ್ತಾ, ಬಸ್ಸಿಗೆ ತಡವಾಗಿ ಓಡುತ್ತಾ ಅಂದುಕೊಳ್ಳುತ್ತಿದ್ದೆ: ನನಗೂ ಟಾನ್ಸಿಲ್ ಇದೆಯಲ್ಲ.

ಐದನೆಯ ದಿನ ಕಾಲೇಜಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು. "ನಲ್ಲಗಾ ಉಂದಿ ಕದಮ್ಮಾ, ಎರ್ರಗಾ ಲೇದು." ಹಿಂದೆಯೇ ಓರಗಿತ್ತಿಯ ಒಡಕು ನಗು. ಐದು ದಿನದಲ್ಲಿ ಅವಳು ಸದ್ದು ಮಾಡಿ ನಕ್ಕದ್ದು ಅದೇ ಮೊದಲು.

ನಲ್ಲ ಎಂದರೆ ಕಪ್ಪು, ಎರ್ರ ಎಂದರೆ ಕೆಂಪು. ಅಷ್ಟು ತೆಲುಗು ನನಗೆ ಬರುತ್ತದೆ. ಕಪ್ಪಗಿದ್ದಾಳೆ, ಕೆಂಪಗಿಲ್ಲ. ಎಂಟು ವರ್ಷದ ಹಿಂದಿನ ಕಾಫಿ ಲೋಟ ಮತ್ತೆ ನನ್ನ ಮುಂದೆ ಬಂದು ಕೂತಿತು. ನಾನು ಚಪ್ಪಲಿ ಬಿಟ್ಟ ಸದ್ದಿಗೆ ಒಳಗೆ ಮಾತು ನಿಂತಿತು. ಅತ್ತೆ ಹೊರಗೆ ಬಂದು, "ಬಂದ್ಯೇನಮ್ಮಾ, ಕಾಫಿ ಇದೆ" ಎಂದರು. ನಾನು ಅವರ ಮುಖ ನೋಡಲಿಲ್ಲ. ಆಮೇಲಿನ ಎರಡು ದಿನ ನಾನು ಓರಗಿತ್ತಿಯ ಕೋಣೆಗೆ ಗಂಜಿ ತೆಗೆದುಕೊಂಡು ಹೋದೆ, ಬಟ್ಟಲು ಇಟ್ಟೆ, ಬಂದೆ. ಹೇಗಿದೆ ಎಂದು ಕೇಳಲಿಲ್ಲ. ಬಾಯಿ ತೆಗೆಸಿ ನೋಡಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಅತ್ತೆ ಸೀರೆ ಉಟ್ಟು ಕೈಚೀಲ ಹಿಡಿದು ನಿಂತಿದ್ದರು. ಮುರುಗಮಲ್ಲದ ದರ್ಗಾದಲ್ಲಿ ಸಕ್ಕರೆಗೆ ಫಾತಿಹಾ ಓದಿಸಲು ಹೊರಟಿದ್ದರು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದಾಗಲೇ ಹರಕೆ ಹೊತ್ತಿದ್ದರಂತೆ.

"ನೀನು ರಜಾ ಹಾಕಮ್ಮ ಇವತ್ತೊಂದಿನ. ನೀನಿದ್ರೆ ನನಗೆ ಧೈರ್ಯ."

"ಹೋಗಿ ಬನ್ನಿ" ಎಂದೆ. ಎರಡು ವರ್ಷದ ಹಿಂದೆ ನನಗೆ ಮೂರು ತಿಂಗಳಿಗೆ ಗರ್ಭ ಹೋಗಿತ್ತು. ಆಗ ಅವರು ಯಾವ ದರ್ಗಾಕ್ಕೂ ಹೋಗಲಿಲ್ಲ, ಯಾವ ದೇವರಿಗೂ ಮುಡಿಪು ಕಟ್ಟಲಿಲ್ಲ. ಒಂದು ಗಂಟಲಿಗೆ ಒಂದು ಚೀಲ ಸಕ್ಕರೆ. ಅವರು ಬೀದಿಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲಿ ನಿಂತು ಆ ಚೀಲವನ್ನೇ ನೋಡುತ್ತಿದ್ದೆ.

ಮೈದುನ ಬ್ಯಾಂಕಿಗೆ ಹೋದ. ನನ್ನ ಯಜಮಾನರು ಶಾಲೆಗೆ ಹೋದರು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಬೆಳಗಿನಿಂದ ಚಮಚದ ಸದ್ದು ಎರಡೇ ಸಲ ಕೇಳಿಸಿತ್ತು. ಮಧ್ಯಾಹ್ನ ಎರಡು ಗಂಟೆಗೆ ಮೊಸರನ್ನ ಹಿಚುಕಿ ಬಟ್ಟಲಿಗೆ ಹಾಕಿಕೊಂಡು ಒಳಗೆ ಹೋದೆ.

ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಣ್ಣು ಮುಚ್ಚಿತ್ತು. ದಿಂಬಿನ ಮೇಲೆ ಹಾಸಿದ್ದ ಬಿಳಿ ಟವಲಿನಲ್ಲಿ ಕೆನ್ನೆಯ ಪಕ್ಕ ಕಪ್ಪುಗೆಂಪು ಕಲೆ, ಮೂರು ಬೆರಳಗಲ. ತುಟಿಯ ಅಂಚಿನಲ್ಲೂ ಅದೇ ಬಣ್ಣ. ಮಂಚದ ಕೆಳಗೆ ಒಂದು ಸ್ಟೀಲ್ ಡಬ್ಬಿ ಇತ್ತು, ನಮ್ಮ ಮನೆಯದಲ್ಲ. ಬಗ್ಗಿ ಮುಚ್ಚಳ ತೆಗೆದೆ. ಒಳಗೆ ಹಿಪ್ಪುನೇರಳೆ ಹಣ್ಣು. ಮಾಗಿ ಕರ್ರಗಾದವು, ಒಂದರ ಮೇಲೊಂದು ಕೂತು ರಸ ಬಿಟ್ಟಿದ್ದವು. ಅರ್ಧ ಡಬ್ಬಿ ಖಾಲಿಯಾಗಿತ್ತು.

ಆ ಹಣ್ಣೆಂದರೆ ನನಗೆ ಪ್ರಾಣ. ಸೊಪ್ಪಿಗಾಗಿ ಬೆಳೆಸುವ ಗಿಡದಲ್ಲಿ ಹಣ್ಣು ನಿಲ್ಲುವಷ್ಟು ಕಾಲ ಯಾರೂ ಬಿಡುವುದಿಲ್ಲ, ಕತ್ತರಿಸಿ ಹುಳುವಿಗೆ ಹಾಕುತ್ತಾರೆ. ಹೊಲದ ಬದುವಿನಲ್ಲಿ ಹಾಗೇ ಬಿಟ್ಟ ಹಳೆಯ ಮರ ಇದ್ದವರಿಗೇ ಅದು ಸಿಗುವುದು. ಓರಗಿತ್ತಿಯ ತವರಿನಲ್ಲಿ ಅಂಥ ಮರ ಇದೆ. ನನಗೆ ಅದು ಇಷ್ಟ ಎಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಡಬ್ಬಿ ಮಂಚದ ಕೆಳಗೆ ಸೇರಿದೆ.

ಆಗ ಅವಳ ಗಂಟಲು ಆಡಿತು. ಗುಟುಕ್. ಸ್ವಲ್ಪ ಹೊತ್ತಿಗೆ ಮತ್ತೆ ಗುಟುಕ್. ಮತ್ತೆ. ಕಣ್ಣು ಮುಚ್ಚಿಕೊಂಡೇ ಬಾಯಲ್ಲಿರುವುದನ್ನು ನುಂಗುತ್ತಿದ್ದಾಳೆ, ನಾನು ನೋಡಿಬಿಟ್ಟೆ ಎಂದು ನಿದ್ದೆ ನಟಿಸುತ್ತಿದ್ದಾಳೆ ಎಂದುಕೊಂಡೆ. ಡಾಕ್ಟರು ಹೇಳಿದ್ದ ಮಾತು ಅಕ್ಷರಶಃ ನನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು. ಚೀಟಿ ನನ್ನ ಪರ್ಸಿನಲ್ಲಿತ್ತು. ನಾನು ಕಂಡದ್ದು ಹಣ್ಣನ್ನು ಮಾತ್ರ.

ಡಬ್ಬಿಯ ಮುಚ್ಚಳವನ್ನು ಸದ್ದಾಗುವಂತೆ ಹಾಕಿದೆ. ಮೊಸರನ್ನದ ಬಟ್ಟಲನ್ನು ಸ್ಟೂಲಿನ ಮೇಲೆ ಕುಕ್ಕಿದೆ. "ಗಂಟಲು ನೋವಂತೆ" ಎಂದು ಗೋಡೆಗೆ ಕೇಳುವಂತೆ ಹೇಳಿ ಹೊರಗೆ ಬಂದೆ.

ಎಷ್ಟು ಹೊತ್ತು ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಂದು ಬಕೆಟ್ ಬಟ್ಟೆ ಹಿಂಡಿ ಮಹಡಿಯ ಮೇಲೆ ಒಣಹಾಕಿ ಇಳಿಯುವಷ್ಟು. ಅವಳ ನೈಟಿಯನ್ನು ಕೊಡವಿ ತಂತಿಗೆ ಹಾಕಿದ್ದೂ ನೆನಪಿದೆ. ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ರೀಲಿಂಗ್ ಯಂತ್ರಗಳು ಓಡುತ್ತಿದ್ದವು, ಬೆಂದ ಗೂಡಿನ ವಾಸನೆ ಗಾಳಿಯಲ್ಲಿತ್ತು. ಇಪ್ಪತ್ತು ನಿಮಿಷ ಇರಬಹುದು.

ಮೆಟ್ಟಿಲಲ್ಲಿರುವಾಗ ಲೋಟ ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು. ಚಮಚದ ಸದ್ದಲ್ಲ. ಒಳಗೆ ಹೋದೆ. ಅವಳು ಮಂಚದ ಅಂಚಿನಲ್ಲಿ ಕೂತು ಎರಡೂ ಕೈ ಚಾಚಿದ್ದಳು, ಕತ್ತಲಲ್ಲಿ ಗೋಡೆ ಹುಡುಕುವವಳಂತೆ. ಆಮೇಲೆ ಬಗ್ಗಿ ವಾಂತಿ ಮಾಡಿದಳು. ಕಪ್ಪಗೆ, ಗಂಟುಗಂಟಾಗಿ, ನೆಲದ ತುಂಬ.

ಆ ಮೊದಲ ಕ್ಷಣದಲ್ಲೂ ನಾನು ಹಣ್ಣು ಎಂದೇ ಅಂದುಕೊಂಡೆ. ಇಷ್ಟೊಂದು ತಿಂದಳಲ್ಲ ಎಂದುಕೊಂಡೆ. ಇದನ್ನು ಬರೆಯಲು ನನಗೆ ಕೈ ಬರುವುದಿಲ್ಲ, ಆದರೆ ಅದೇ ನಿಜ. ಅವಳು ತಲೆ ಎತ್ತಿದಳು. ಬಾಯಿಂದ ಗದ್ದಕ್ಕೆ ಹೊಸ ರಕ್ತ ಇಳಿಯಿತು. ಅದಕ್ಕೆ ಕಪ್ಪು ಬಣ್ಣ ಇರಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸು ಶಾಂತವಾಗಿ ಹೇಳಿದಳು: "ಮಲಗಿಸ್ಬೇಡಿ. ಕೂರಿಸಿ, ಮುಂದಕ್ಕೆ ಬಗ್ಗಿಸಿ. ನುಂಗಬಾರ್ದು, ಉಗೀಬೇಕು. ಕುಡಿಯಕ್ಕೆ ಏನೂ ಕೊಡ್ಬೇಡಿ. ಸೀದಾ ಬನ್ನಿ, ನಾನು ಡಾಕ್ಟ್ರಿಗೆ ಹೇಳಿರ್ತೀನಿ."

ಪಕ್ಕದ ಮನೆಯ ರೀಲರ್ ಸಾಹೇಬರ ಬಾಗಿಲಿಗೆ ಓಡಿದೆ. ಅವರು ಯಂತ್ರದ ಮುಂದಿದ್ದರು. ನನ್ನ ಸೀರೆಯ ಮೇಲಿದ್ದ ರಕ್ತ ನೋಡಿ ಏನಾಯಿತು ಎಂದೂ ಕೇಳಲಿಲ್ಲ. "ಕೂರ್ಸಮ್ಮ ಅವ್ರನ್ನ, ಚಾವಿ ತಂದೆ" ಎಂದರು. ಗೂಡು ಸಾಗಿಸುವ ಅವರ ವ್ಯಾನಿನಲ್ಲಿ ಸೀಟು ಮುಂದೆ ಮಾತ್ರ. ಅವಳನ್ನು ನಡುವೆ ಕೂರಿಸಿ, ಹಿಟ್ಟು ಕಲಸುವ ಬೇಸನ್ ಅವಳ ಮಡಿಲಲ್ಲಿಟ್ಟು, ಕುತ್ತಿಗೆಯ ಹಿಂದೆ ಕೈ ಕೊಟ್ಟು ಬಗ್ಗಿಸಿ ಹಿಡಿದೆ.

"ಉಗಿ ಕಣೇ. ನುಂಗ್ಬೇಡ. ಉಗಿ."

ಚಿಕ್ಕಬಳ್ಳಾಪುರಕ್ಕೆ ಅರ್ಧ ಗಂಟೆಯ ದಾರಿ. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ ತೋಟಗಳು ಹಸಿರಾಗಿ ನಿಂತಿದ್ದವು. ಟೊಮೇಟೊ ಕ್ರೇಟು ಹೇರಿದ ಟೆಂಪೊ ಒಂದು ದಾರಿ ಬಿಡದೆ ಮುಂದೆ ಹೋಗುತ್ತಿತ್ತು. ಸಾಹೇಬರು ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಅವಳ ಕೈ ನನ್ನ ಮೊಣಕೈ ಹಿಡಿದಿತ್ತು. ಮೊದಲು ಉಗುರು ಚುಚ್ಚುವಷ್ಟು ಬಿಗಿಯಾಗಿತ್ತು. ಊರು ಹತ್ತಿರವಾದಂತೆ ಆ ಬಿಗಿ ಸಡಿಲವಾಗುತ್ತಾ ಬಂತು. ಅದು ಸಡಿಲವಾದದ್ದಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. "ಬಿಡ್ಬೇಡ್ವೇ, ಚುಚ್ಚೇ" ಎಂದು ನಾನು ಹೇಳುತ್ತಿದ್ದೆನಂತೆ. ಸಾಹೇಬರು ಆಮೇಲೆ ಹೇಳಿದರು.

ಆಸ್ಪತ್ರೆಯಲ್ಲಿ ಗಾಲಿಮಂಚ ಬಾಗಿಲಲ್ಲೇ ಇತ್ತು. ಡಾಕ್ಟರು ಅವಳ ಬಾಯೊಳಗೆ ಬೆಳಕು ಹಾಕಿ ನೋಡಿ, ಸೀದಾ ಥಿಯೇಟರಿಗೆ ಎಂದರು. ಹೋಗುವ ಮೊದಲು ನನ್ನ ಕಡೆ ತಿರುಗಿದರು. "ಯಾವಾಗಿಂದ?"

"ಎರಡೂವರೆ" ಎಂದೆ. ಎರಡು ಎನ್ನಲಿಲ್ಲ.

ರಕ್ತನಾಳ ಕಟ್ಟಿದರು, ಎರಡು ಬಾಟಲಿ ರಕ್ತ ಕೊಟ್ಟರು. ಅಪರೂಪ, ಆದರೆ ಆಗುತ್ತದೆ, ಹಣ್ಣು ತಿಂದದ್ದಕ್ಕೇ ಆಯಿತು ಎನ್ನುವ ಹಾಗಿಲ್ಲ, ಪೊರೆ ಉದುರುವಾಗ ಹೇಗಿದ್ದರೂ ಆಗಬಹುದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. "ಬಹಳ ನುಂಗಿಬಿಟ್ಟಿದಾರೆ. ಇನ್ನೊಂದು ಅರ್ಧ ಗಂಟೆ ಆಗಿದ್ರೆ ಕಷ್ಟ ಇತ್ತು."

ಸಂಜೆ ಅತ್ತೆ ಮುರುಗಮಲ್ಲದಿಂದ ಸೀದಾ ಬಂದರು. ಕೈಯಲ್ಲಿ ಓದಿಸಿದ ಸಕ್ಕರೆಯ ಪೊಟ್ಟಣವಿತ್ತು. ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಓರಗಿತ್ತಿಯ ಅಮ್ಮ ಐದನೆಯ ದಿನ ಬಂದು ಹೋಗಿದ್ದರು, ಡಬ್ಬಿ ಅವರೇ ತಂದದ್ದು. ಅದನ್ನು ಅತ್ತೆ ಮೈದುನನಿಗೆ ಹೇಳುತ್ತಿದ್ದರು, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ.

"ಕೆಂಪು ಬೇಡ ಅಂದಿದ್ಲಲ್ಲಪ್ಪ ಇವ್ಳು. ಅದಕ್ಕೇ ನಾನು ಒಂದೊಂದೇ ಹಣ್ಣು ಬೆಳಕಿಗೆ ಹಿಡಿದು ನೋಡ್ದೆ. ಕೆಂಪಗಿರೋದೆಲ್ಲ ಎತ್ತಿಟ್ಟೆ. ನಲ್ಲಗಾ ಉಂದಿ ಕದಮ್ಮಾ, ಎರ್ರಗಾ ಲೇದು, ಏನೂ ಆಗಲ್ಲ ತಿನ್ನು ಅಂತ ನಾನೇ ತಿನ್ನಿಸ್ದೆ. ತಂಪು ಅಲ್ವಾ ಅದು. ಓದಿದವಳ ಮಾತು ಮೀರ್ತಿಲ್ಲ ಅಂದ್ಕೊಂಡೆ."

ನಾನು ಗೋಡೆಗೆ ಒರಗಿದೆ. ತೆಲುಗಿನಲ್ಲಿ ಅವಳಿಗೂ "ಉಂದಿ", ಅದಕ್ಕೂ "ಉಂದಿ". ಹೆಂಗಸಿಗೂ ಹಣ್ಣಿಗೂ ಒಂದೇ ಕ್ರಿಯಾಪದ. ಕಪ್ಪಗಿದ್ದದ್ದು ನಾನಲ್ಲ, ಹಣ್ಣು. ಅವರು ಅವಳನ್ನು ಕಾಪಾಡುತ್ತಿದ್ದೇನೆಂದು ನಂಬಿ ನನ್ನ ಮಾತನ್ನೇ ಪಾಲಿಸುತ್ತಿದ್ದಾಗ, ನಾನು ಬಾಗಿಲಲ್ಲಿ ಚಪ್ಪಲಿ ಹಿಡಿದು ನನ್ನ ಬಣ್ಣಕ್ಕೆ ಅಳುತ್ತಿದ್ದೆ.

ಅತ್ತೆ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ನನ್ನ ದೊಡ್ಡ ಸೊಸೆ ಇದ್ದಿದ್ದಕ್ಕೆ ಮಗು ಉಳೀತು" ಎಂದು ಪಕ್ಕದ ಬೆಂಚಿನವರಿಗೆ ಹೇಳಿದರು. ನರ್ಸಿಗೆ ಹೇಳಿದರು. ಸಾಹೇಬರಿಗೆ ಎರಡು ಸಲ ಹೇಳಿದರು. ಅವರ ಬಾಯಿಂದ ಅಂಥ ಮಾತು ಬರಲೆಂದು ನಾನು ಎಂಟು ವರ್ಷ ಕಾದಿದ್ದೆ. ಬಂದಾಗ ಅದು ಬೇರೆ ಯಾರದೋ ಮನೆಗೆ ಬಂದ ಕಾಗದದ ಹಾಗಿತ್ತು, ಒಡೆದು ಓದುವಂತಿರಲಿಲ್ಲ.

ಮನೆಗೆ ಬಂದ ಮೇಲೆ ಅವಳ ನಾಲಿಗೆಗೆ ರುಚಿಯೇ ಹತ್ತುತ್ತಿರಲಿಲ್ಲ. ಇದೂ ಅಪರೂಪಕ್ಕೆ ಆಗುತ್ತದೆ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು. ಹರಕೆಯ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಕಬ್ಬಿಣ ನೆಕ್ಕಿದ ಹಾಗೆ ಎಂದು ಮುಖ ಸಿಂಡರಿಸಿದಳು. ಅತ್ತೆ ಉಳಿದದ್ದನ್ನು ನನ್ನ ಅಂಗೈಗೆ ಸುರಿದರು. ಆಮೇಲೆ ಒಲೆಯ ಕಡೆ ತಿರುಗಿಕೊಂಡು ಹೇಳಿದರು: "ಎರಡು ವರ್ಷದ ಹಿಂದೆ ನಿನಗೆ ಹಂಗಾದಾಗ ನಾನು ಏನೂ ಮಾತಾಡ್ಲಿಲ್ಲ. ನೀನು ಓದಿದವಳು, ಇದನ್ನೆಲ್ಲ ಮಾಡಿದ್ರೆ ನಗ್ತೀಯೇನೋ ಅಂತ." ಅದು ಪೂರ್ತಿ ನಿಜವೋ ಅಲ್ಲವೋ ಇವತ್ತಿಗೂ ತಿಳಿಯದು. ಸಕ್ಕರೆ ತಿಂದೆ.

ಮೂರು ವಾರ ನಾನು ಬಾಯಿ ಬಿಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ ಬಿಸಿಲಿಗೆ ಮೆಣಸಿನಕಾಯಿ ಹರಡುತ್ತಿದ್ದೆವು. ಕೆಂಪು ಹೊದಿಕೆ ಮತ್ತೆ ಅವಳ ಹಾಸಿಗೆಗೆ ಹೋಗಿತ್ತು. ನನ್ನ ನೀಲಿ ಹೊದಿಕೆ ತಂತಿಯ ಮೇಲೆ ಒಣಗುತ್ತಿತ್ತು.

"ಎರಡು ಗಂಟೆಗೇ ನಾನು ಕೋಣೆಗೆ ಬಂದಿದ್ದೆ ಕಣೇ" ಎಂದೆ. "ಕಲೆ ನೋಡ್ದೆ. ನೀನು ನುಂಗೋದೂ ನೋಡ್ದೆ."

ಅವಳು ಮೆಣಸಿನಕಾಯಿಯಿಂದ ಕೈ ತೆಗೆಯಲಿಲ್ಲ. "ಗೊತ್ತಕ್ಕ."

"ಆಗ ಎಚ್ಚರವಾಗಿದ್ಯಾ?"

"ಇದ್ದೆ. ಬಾಯಿಗೆ ಬೆಚ್ಚಗೆ ಬರ್ತಾ ಇತ್ತು. ನೀವು ಬಂದಾಗ ಹೇಳಣ ಅಂದ್ಕೊಂಡೆ. ಅಷ್ಟ್ರಲ್ಲಿ ನೀವು ಡಬ್ಬಿ ತೆಗೆದ್ರಿ. ಬೈತೀರ ಅಂತ ಸುಮ್ನಾಗ್ಬಿಟ್ಟೆ. ನೀವು ಹೋದ್ಮೇಲೆ ಲೋಟ ಬಡಿಯಣ ಅಂದ್ರೆ ಚಮಚ ಎತ್ತಕ್ಕೇ ಆಗ್ಲಿಲ್ಲ."

"ಅಷ್ಟೊಂದು ಭಯನಾ ನನ್ನ ಕಂಡ್ರೆ?"

"ಭಯ ಅಲ್ಲ." ಅವಳು ಒಂದು ಮೆಣಸಿನಕಾಯಿಯ ತೊಟ್ಟು ಮುರಿದಳು. "ಅವತ್ತು ಆಸ್ಪತ್ರೆಲಿ ಡಾಕ್ಟ್ರು ನನ್ನ ಗಂಟಲು ನೋಡಿ, ನಿಮ್ಮ ಮುಖ ನೋಡ್ಕೊಂಡು ಮಾತಾಡಿದ್ರು. ನಾನು ಅಲ್ಲೇ ಕೂತಿದ್ದೆ. ನನಗೂ ಕನ್ನಡ ಬರುತ್ತೆ. ಎಲ್ಲ ಕಡೆನೂ ಹಂಗೇ ಅಕ್ಕ. ನೀವು ದಿನಾ ಬಸ್ ಹತ್ತಿ ಹೋಗ್ತೀರ, ಎಲ್ರೂ ಮೇಡಮ್ ಅಂತಾರೆ. ಅತ್ತೆ ನನ್ನ ಬಂಗಾರು ಅಂತಾರೆ, ಒಂದು ಕಾಗದ ಬಂದ್ರೆ ನಿಮ್ಮ ಕೈಗೇ ಕೊಡ್ತಾರೆ. ಹಣ್ಣು ಒಂದಾದ್ರೂ ನನ್ನ ಹತ್ರನೇ ಇರ್ಲಿ ಅಂತ ಮಂಚದ ಕೆಳಗೆ ಇಟ್ಕೊಂಡಿದ್ದೆ. ಅತ್ತೆ ನಿಮಗೂ ಕೊಡು ಅಂದಿದ್ರು."

ನಾವಿಬ್ಬರೂ ಮೆಣಸಿನಕಾಯಿ ಹರಡಿ ಮುಗಿಸಿದೆವು. ನಾನು ಕ್ಷಮಿಸು ಎಂದು ಹೇಳಿದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಕೈ ಕಣ್ಣಿಗೆ ತಾಕಿ ಉರಿದದ್ದು ನೆನಪಿದೆ. ಅವಳು ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು.

ಈ ವರ್ಷ ಕೆಂಚಾರ್ಲಹಳ್ಳಿಯಿಂದ ಎರಡು ಡಬ್ಬಿ ಬಂದವು. ಅತ್ತೆ ಒಂದನ್ನು ನನ್ನ ಮುಂದಿಟ್ಟು, "ದೊಡ್ಡವಳಿಗೆ ಮೊದಲು" ಎಂದರು. ನಾನು ಒಂದು ಹಣ್ಣು ಬಾಯಿಗಿಟ್ಟೆ, ಎರಡನೆಯದು ಕೈಯಲ್ಲೇ ಉಳಿಯಿತು. ಬೆರಳ ತುದಿಯ ಬಣ್ಣ ನೋಡಿ ಎದ್ದು ಹೋಗಿ ಕೈ ತೊಳೆದುಕೊಂಡೆ. ಓರಗಿತ್ತಿ ತನ್ನ ಡಬ್ಬಿಯನ್ನೂ ಮುಗಿಸಿ ನನ್ನದಕ್ಕೂ ಕೈ ಹಾಕಿದಳು. ರುಚಿ ಪೂರ್ತಿ ಮರಳಿದೆ ಎಂದು ತುಟಿ ಚಪ್ಪರಿಸಿದಳು.

ಈಗ ನನಗಿರುವ ಹೊಟ್ಟೆಕಿಚ್ಚು ಅವಳ ನಿದ್ದೆಯ ಮೇಲೆ. ವ್ಯಾನು, ಬೇಸನ್ನು, ಟೊಮೇಟೊ ಟೆಂಪೊ ಯಾವುದೂ ಅವಳಿಗೆ ನೆನಪಿಲ್ಲ. ಚಮಚದವರೆಗೆ ನೆನಪಿದೆ, ಆಮೇಲೆ ಆಸ್ಪತ್ರೆಯ ಬಿಳಿ ಚಾವಣಿ. ನಡುವಿನದೆಲ್ಲ ನನ್ನ ಪಾಲಿಗೆ ಬಂದಿದೆ. ರಜೆಯ ಮಧ್ಯಾಹ್ನ ಅವಳು ಊಟ ಮುಗಿಸಿ ಗೋಡೆಯ ಕಡೆ ತಿರುಗಿದರೆ ಎರಡು ನಿಮಿಷಕ್ಕೆ ನಿದ್ದೆ. ನಾನು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಅದೇ ಕೋಣೆಗೆ ಬಂದು ಕೂರುತ್ತೇನೆ. ಹೊರಗೆ ಸೆಖೆ, ಇಲ್ಲಿ ಫ್ಯಾನಿದೆ ಎಂದು ಹೇಳುತ್ತೇನೆ. ಅವಳ ಗಂಟಲು ಆಡಿದಾಗಲೆಲ್ಲ ನನ್ನ ಕೆಂಪು ಪೆನ್ನು ನಿಲ್ಲುತ್ತದೆ.

ಮೊನ್ನೆಯೂ ಹಾಗೇ ಆಯಿತು. ಗುಟುಕ್ ಎಂದಿತು. ನಾನು ಪೆನ್ನು ಎತ್ತಿ ಹಿಡಿದು ಇನ್ನೊಂದಕ್ಕೆ ಕಾದೆ. ಪೆನ್ನು ನಿಂತ ಸದ್ದೇ ಅವಳಿಗೆ ಕೇಳಿಸಿರಬೇಕು. ಕಣ್ಣು ತೆರೆಯದೆ, ಗೋಡೆಯ ಕಡೆಯಿಂದ ತಿರುಗದೆ ಹೇಳಿದಳು:

"ಎಂಜಲು ಅಕ್ಕ. ಬರೀ ಎಂಜಲು. ನೀವು ಪೇಪರ್ ನೋಡಿ."